ಗುತ್ತೆಪ್ಪ ಸ್ಟೆಪ್ನಿ ಕೂರಿಸಿದ ಜಾಗ

ಗುತ್ತೆಪ್ಪ ಹುಟ್ಟಿದ್ದು ಹದಡಿಯ ಕಮ್ಮಾರರ ಮನೆಯಲ್ಲಿ. ಅಪ್ಪ ಎತ್ತಿನ ಗಾಡಿಯ ಚಕ್ರಗಳಿಗೆ ಕಬ್ಬಿಣದ ಪಟ್ಟೆ ಕಾಯಿಸಿ ಹಾಕುತ್ತಿದ್ದ, ಮಗ ತಿದಿ ಒತ್ತುತ್ತಿದ್ದ. ಇಪ್ಪತ್ತು ತುಂಬುವ ಹೊತ್ತಿಗೆ ದಾವಣಗೆರೆಗೆ ಬಂದು, ಒಂದು ಹತ್ತಿ ಮಿಲ್ಲಿನ ವರ್ಕ್‌ಶಾಪಿನಲ್ಲಿ ಗ್ಯಾಸ್ ವೆಲ್ಡಿಂಗ್ ಕಲಿತ. ಆಮೇಲೆ ಪಿ.ಬಿ. ರಸ್ತೆಯ ಬದಿಯಲ್ಲಿ ತಗಡಿನ ಚಪ್ಪರ ಹಾಕಿ ಸ್ವಂತ ಅಂಗಡಿ ಇಟ್ಟ. ಮುರಿದ ಕುಂಟೆಯಿಂದ ಹಿಡಿದು ಲಾರಿಯ ಚಾಸಿಯವರೆಗೆ ಎಲ್ಲವೂ ಅಲ್ಲಿಗೆ ಬರುತ್ತಿತ್ತು. ಅವನು ಹಾಕಿದ ಬೆಸುಗೆ ಬಿಟ್ಟಿತೆಂದು ಯಾರೂ ವಾಪಸು ಬಂದದ್ದಿಲ್ಲ. ಆ ಮಾತನ್ನು ಬೇರೆಯವರು ಹೇಳುವ ಮೊದಲು ಅವನೇ ಹೇಳಿಬಿಡುತ್ತಿದ್ದ. ಕೆಲಸದಲ್ಲಿ ಮೋಸವಿಲ್ಲ, ಕುಡಿತವಿಲ್ಲ, ಜಗಳವಿಲ್ಲ. ಯಾರಾದರೂ ಹೊಗಳಿದರೆ ಮಾತ್ರ ಊಟ ಬಿಟ್ಟು ನಿಂತು ಕೇಳುವ ಗುಣ.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಅವನಿಗೊಂದು ದೊಡ್ಡ ಕೆಲಸ ಬಂತು. ಹತ್ತಿ ವ್ಯಾಪಾರಿಯ ಮನೆಯ ದ್ರಾಕ್ಷಾಯಣಮ್ಮ ತೀರಿಹೋದ ಗಂಡನ ಹೆಸರಿನಲ್ಲಿ ಒಂದು ಸಣ್ಣ ಹೆರಿಗೆ ಆಸ್ಪತ್ರೆ ನಡೆಸುತ್ತಿದ್ದರು. ಅಲ್ಲಿನ ನರ್ಸು ಖುರ್ಷೀದಾ ಜೀಪಿನಲ್ಲಿ ಹಳ್ಳಿಗಳಿಗೆ ಹೋಗಿ ಬಸುರಿಯರನ್ನು ನೋಡಿಬರುತ್ತಿದ್ದರು. ಹೆರಿಗೆ ತಡವಾದರೆ ಎರಡು ಮೂರು ದಿನ ಅಲ್ಲೇ ಉಳಿಯಬೇಕು. ಶಾಲೆಯ ಜಗುಲಿಯೋ ಯಾರದೋ ಮನೆಯ ಪಡಸಾಲೆಯೋ ಗತಿ. ಅದಕ್ಕೆಂದು ಜೀಪಿನ ಹಿಂದೆ ಕಟ್ಟಿ ಎಳೆಯುವ ಒಂದು ಪುಟ್ಟ ಮನೆಯನ್ನೇ ಮಾಡಿಸಬೇಕೆಂದು ದ್ರಾಕ್ಷಾಯಣಮ್ಮ ಯೋಚಿಸಿದರು. ಎರಡು ಚಕ್ರ, ತಗಡಿನ ಸೂರು, ಒಳಗೆ ಎರಡು ಮಂಚ, ಹಿಂಬದಿಯಲ್ಲಿ ಸ್ಟೋವು, ನೀರಿನ ಡ್ರಮ್ಮು. ಅಂಥ ಗಾಡಿಯನ್ನು ಊರಲ್ಲಿ ಯಾರೂ ಮಾಡಿರಲಿಲ್ಲ. ಗುತ್ತೆಪ್ಪ ಎರಡು ತಿಂಗಳು ಬೇರೆ ಕೆಲಸ ಹಿಡಿಯದೆ ಅದನ್ನು ಕಟ್ಟಿದ. ಜನ ನಿಂತು ನೋಡಿ ಹೋಗುತ್ತಿದ್ದರು.

ಎಲ್ಲ ಮುಗಿದ ಮೇಲೆ ಉಳಿದದ್ದು ಸ್ಟೆಪ್ನಿ. ಹೆಚ್ಚಿನ ಆ ಒಂದು ಚಕ್ರವನ್ನು ಎಲ್ಲಿ ಕೂರಿಸಬೇಕು ಎನ್ನುವುದು. ಗಾಡಿಯ ಅಡಿಗೆ ಕಟ್ಟಿದರೆ ಕೆಸರಲ್ಲಿ ಮಲಗಿ ಬಿಚ್ಚಬೇಕು. ಪಕ್ಕದ ಗೋಡೆಗೆ ಹಾಕಿದರೆ ಒಂದು ಕಡೆ ಬಾಗಿಲು, ಇನ್ನೊಂದು ಕಡೆ ಕಿಟಕಿ. ಉಳಿದದ್ದು ಎರಡೇ ಜಾಗ. ಒಂದು, ಮುಂದೆ ಜೀಪಿಗೆ ಸಿಕ್ಕಿಸುವ ಉದ್ದನೆಯ ಕಬ್ಬಿಣದ ಮೂಕಿಯ ಮೇಲೆ. ಇನ್ನೊಂದು, ಹಿಂದಿನ ಗೋಡೆಯ ಮೇಲೆ. ನೀರು, ಸ್ಟೋವು ಎಲ್ಲದರ ಭಾರವೂ ಹಿಂದೆಯೇ ಇದ್ದುದರಿಂದ ಚಕ್ರ ಮುಂದೆ ಹೋಗಬೇಕೆಂದು ಅವನ ಕೈಗೆ ಮೊದಲ ದಿನವೇ ಗೊತ್ತಿತ್ತು. ಮೂಕಿಯ ಮೇಲೆ ಎರಡು ತೂತು ಸಹ ಕೊರೆದಿದ್ದ.

ಅಷ್ಟರಲ್ಲಿ ಅವನು ಒಂದು ಮುಚ್ಚಳ ಮಾಡಿದ್ದ. ಚಕ್ರಕ್ಕೆ ಧೂಳು ಕೂರದ ಹಾಗೆ ಗುಂಡನೆಯ ತಗಡಿನ ಮುಚ್ಚಳ. ಬೋರ್ಡು ಬರೆಯುವವನ ಕೈಯಲ್ಲಿ ಅದಕ್ಕೆ ಕೆಂಪು ಬಳಿಸಿ, ಬಿಳಿ ಅಕ್ಷರದಲ್ಲಿ ‘ಗುತ್ತೆಪ್ಪ ವೆಲ್ಡಿಂಗ್ ವರ್ಕ್ಸ್, ದಾವಣಗೆರೆ’ ಎಂದು ಬರೆಸಿದ. ಮುಂದೆ ಹಾಕಿದರೆ ಅದು ಜೀಪಿನ ಮರೆಗೆ ಬೀಳುತ್ತದೆ. ಹಿಂದೆ ಹಾಕಿದರೆ ಮಾಯಕೊಂಡದಿಂದ ಹರಿಹರದವರೆಗೆ ಗಾಡಿಯ ಹಿಂದೆ ಬರುವವರೆಲ್ಲ ಓದಿಕೊಂಡೇ ಬರಬೇಕು. ಮುಚ್ಚಳವನ್ನು ಮನೆಗೆ ಒಯ್ದು ಗೋಡೆಗೆ ಒರಗಿಸಿ, ಹೆಂಡತಿ ಚೌಡವ್ವನನ್ನು ಕರೆದು ತೋರಿಸಿದ.

ಚೌಡವ್ವ ನೋಡಿ, "ಚೆಂದ ಐತೆ. ಗಾಡಿ ಅವರದಲ್ಲೇನ್ರಿ, ಹೆಸರು ನಿಮ್ಮದು ಹಾಕೀರಲ್ಲ" ಎಂದಳು.

"ಮಾಡಿದವನ ಹೆಸರು ಗೊತ್ತಾಗ್ಬೇಕಲ್ಲ" ಎಂದ ಗುತ್ತೆಪ್ಪ. ಮರುದಿನ ಚಕ್ರವನ್ನು ಹಿಂದಿನ ಗೋಡೆಗೆ ಕೂರಿಸಿ ಬೋಲ್ಟು ಬಿಗಿದ.

ಗಾಡಿ ಒಯ್ಯಲು ಬಂದವರು ಆಸ್ಪತ್ರೆಯ ಡ್ರೈವರ್ ಮೌಲಾ ಸಾಬ್. ಹರಿಹರದವರು, ಐವತ್ತು ದಾಟಿದ ಮನುಷ್ಯ. ಯುದ್ಧದ ಕಾಲಕ್ಕೆ ಮಿಲಿಟರಿ ಸೇರಿ ಬರ್ಮಾ ಗಡಿಯವರೆಗೆ ಲಾರಿ ಓಡಿಸಿ ಬಂದವರು. ಮಾತು ಕಡಿಮೆ. ಅವತ್ತು ಗಾಡಿಗೆ ಪೂಜೆ ಇಟ್ಟುಕೊಂಡಿದ್ದರಿಂದ ಅಂಗಡಿಯ ಮುಂದೆ ಇಪ್ಪತ್ತು ಜನ ಸೇರಿದ್ದರು. ಮೌಲಾ ಸಾಬ್ ಒಳಗೆ ಡ್ರಮ್ಮಿಗೆ ನೀರು ತುಂಬಿಸಿದರು, ಸುತ್ತ ಒಂದು ಸಲ ನಡೆದರು, ಮುಂದೆ ಬಂದು ಮೂಕಿಯನ್ನು ಹಿಡಿದು ಎತ್ತಿದರು. ಅದು ಎರಡೇ ಬೆರಳಿಗೆ ಮೇಲೆದ್ದಿತು.

"ಗುತ್ತೆಪ್ಪ, ಮೂತಿ ಹಗುರ ಐತೆ ನೋಡು. ಈ ಚಕ್ರ ಮುಂದಕ್ಕೆ ತಾ. ಇಳುಕಲದಾಗ ಇದು ಬಾಲ ಬೀಸ್ತೈತೆ" ಎಂದರು.

ಗುತ್ತೆಪ್ಪನಿಗೆ ಅದು ಅರ್ಥವಾಗದ ಮಾತಲ್ಲ. ಗಾಡಿ ಹಿಂಭಾರವಾದರೆ ನೊಗ ಎತ್ತಿನ ಹೆಗಲು ಬಿಟ್ಟು ಮೇಲೇಳುತ್ತದೆ. ಅವನ ಅಪ್ಪ ಹೇರು ನೋಡಿಯೇ ಹೇಳುತ್ತಿದ್ದ. ಆದರೆ ಜನ ನಿಂತಿದ್ದರು, ಕೆಂಪು ಮುಚ್ಚಳಕ್ಕೆ ಆಗಲೇ ಹೂವು ಮುಡಿಸಿ ಆಗಿತ್ತು.

"ಸಾಬ್ರೆ, ನೀವು ಸ್ಟೇರಿಂಗ್ ಹಿಡ್ಕೊಂಡ್ರೆ ಸಾಕು, ಕಬ್ಬಿಣ ನನಗ ಬಿಡ್ರಿ. ವಯಸ್ಸಾದ್ಮ್ಯಾಲೆ ನಿಂತಿದ್ದೂ ಅಲ್ಲಾಡಿದಂಗ ಕಾಣ್ತೈತೆ" ಎಂದ.

ಜನ ನಕ್ಕರು. ಮೌಲಾ ಸಾಬ್ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಕೈ ಒರೆಸಿಕೊಂಡು ಜೀಪು ಹತ್ತಿದರು.

ಎಂಟು ದಿನ ಕಳೆದ ಮೇಲೆ ಗಾಡಿ ಹದಡಿಗೆ ಹೊರಟಿತು. ಗುತ್ತೆಪ್ಪನ ಸ್ವಂತ ಊರಿಗೇ. ಜೀಪಿನಲ್ಲಿ ಮೌಲಾ ಸಾಬ್, ಪಕ್ಕದಲ್ಲಿ ಖುರ್ಷೀದಾ. ಹಿಂದಿನ ಗಾಡಿಯೊಳಗೆ ಸಾಮಾನು ಹಿಡಿದುಕೊಂಡು ಆಸ್ಪತ್ರೆಯ ಆಯಾ, ನಿಟ್ಟುವಳ್ಳಿಯ ಉಚ್ಚಂಗಮ್ಮ. ಊರಿನ ಈಚೆ ಹಳ್ಳಕ್ಕೆ ಇಳಿಯುವ ರಸ್ತೆಯಲ್ಲಿ ಗಾಡಿ ಎಡಕ್ಕೂ ಬಲಕ್ಕೂ ಹೊಯ್ದಾಡತೊಡಗಿತು. ಮೌಲಾ ಸಾಬ್ ಬ್ರೇಕು ತುಳಿಯದೆ ಮೆಲ್ಲಗೆ ನಿಲ್ಲಿಸಲು ನೋಡಿದರು. ಒಂದು ಗುಂಡಿಗೆ ಚಕ್ರ ಬಿದ್ದಾಗ ಮೂಕಿ ಮೇಲಕ್ಕೆ ಹಾರಿ ಜೀಪಿನ ಕೊಕ್ಕೆಯ ಚಿಲಕ ಮುರಿಯಿತು. ಗಾಡಿ ಬಿಟ್ಟುಕೊಂಡು ಹೊಲದ ಬದುವಿಗೆ ಬಡಿದು ಮಗುಚಿತು. ಉಚ್ಚಂಗಮ್ಮನ ಬಲಗೈ ಮೊಣಕೈಯ ಕೆಳಗೆ ಮುರಿಯಿತು. ಹದಡಿಯ ಜನ ಓಡಿಬಂದು ಅವಳನ್ನು ಹೊರಗೆ ತೆಗೆದರು. ಮಗುಚಿದ ಗಾಡಿಯ ಹಿಂಬದಿಯ ಹೆಸರನ್ನೂ ಓದಿದರು.

ಎರಡು ದಿನದ ಮೇಲೆ ದ್ರಾಕ್ಷಾಯಣಮ್ಮ ಎಲ್ಲರನ್ನೂ ತಮ್ಮ ಪಡಸಾಲೆಗೆ ಕರೆಸಿದರು. ಆಸ್ಪತ್ರೆಯ ವ್ಯವಹಾರ ನೋಡುವ ಇಬ್ಬರು ಹಿರಿಯರೂ ಇದ್ದರು. ಅವರಲ್ಲೊಬ್ಬರು ಮೌಲಾ ಸಾಬರನ್ನು, "ಎಷ್ಟು ಸ್ಪೀಡಿನಾಗಿದ್ರಿ?" ಎಂದು ಕೇಳಿದರು.

"ಹದಿನೈದು ಮೈಲಿ ದಾಟಿರ್ಲಿಲ್ಲ."

ಖುರ್ಷೀದಾ, "ಹೌದ್ರಿ, ನಾನು ಪಕ್ಕದಾಗೇ ಕುಂತಿದ್ದೆ. ನಿಧಾನನೇ ಹೊಂಟಿದ್ರು" ಎಂದರು.

"ನೀವು ಸಾಬರ ಪರ ಹೇಳೋದು ಸಹಜ ಬಿಡ್ರಿ ನರ್ಸಮ್ಮ" ಎಂದರು ಆ ಹಿರಿಯರು.

ಆಗ ದ್ರಾಕ್ಷಾಯಣಮ್ಮ ಗುತ್ತೆಪ್ಪನ ಕಡೆ ತಿರುಗಿದರು. "ಗಾಡಿ ಮಾಡಿದವನು ನೀನು. ಗಾಡ್ಯಾಗೆ ಏನಾದ್ರೂ ದೋಷ ಇತ್ತೇನಪ್ಪ?"

ಗುತ್ತೆಪ್ಪ ಬಾಗಿಲ ಹತ್ತಿರ ನಿಂತಿದ್ದ. ಮೌಲಾ ಸಾಬ್ ಅವನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಬೇಡಿಕೆಯಿರಲಿಲ್ಲ, ದೂರೂ ಇರಲಿಲ್ಲ. ಇವನು ಏನು ಹೇಳುತ್ತಾನೆಂದು ಕಾಯುತ್ತಿದ್ದರು, ಅಷ್ಟೆ. ಅಂಗಡಿಗೆ ಬರುವ ಗಿರಾಕಿಗಳು, ಹದಡಿಯ ಬಂಧುಗಳು, ಇಪ್ಪತ್ತು ವರ್ಷ ಕೂಡಿಸಿಟ್ಟ ಹೆಸರು, ಎಲ್ಲ ಅವನ ಕಣ್ಣ ಮುಂದೆ ಬಂದವು.

"ಇಲ್ರಮ್ಮ. ಒಂದು ಬೆಸುಗೆನೂ ಬಿಟ್ಟಿಲ್ಲ" ಎಂದ.

ಅದು ಸುಳ್ಳಲ್ಲ. ಬೆಸುಗೆ ಒಂದೂ ಬಿಟ್ಟಿರಲಿಲ್ಲ. ಆ ಮಾತನ್ನು ಅವನು ಆರಿಸಿಕೊಂಡದ್ದೂ ಅದಕ್ಕೇ. ಮೌಲಾ ಸಾಬ್ ಜೇಬಿನಿಂದ ಜೀಪಿನ ಚಾವಿ ತೆಗೆದು ಚಾಪೆಯ ಮೇಲಿಟ್ಟು, ಎಲ್ಲರಿಗೂ ಕೈ ಮುಗಿದು ಹೊರಟುಹೋದರು. ಬೇಡ ಎಂದು ಯಾರೂ ಹೇಳಲಿಲ್ಲ.

ಗಾಡಿ ರಿಪೇರಿಗೆ ಗುತ್ತೆಪ್ಪನ ಅಂಗಡಿಗೇ ಬಂತು. ಅವನು ನಜ್ಜುಗುಜ್ಜಾದ ತಗಡನ್ನು ಬಡಿದು ಸರಿಮಾಡಿದ. ಸುಣ್ಣ ಬಳಿದ ಹಾಗೆ ಬಿಳಿ ಬಣ್ಣ ಹೊಡೆದ. ಒಂದು ಮಧ್ಯಾಹ್ನ ರಸ್ತೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಸ್ಟೆಪ್ನಿಯನ್ನು ಬಿಚ್ಚಿ ಮುಂದಿನ ಮೂಕಿಗೆ ಕೂರಿಸಿದ. ತೂತುಗಳು ಹೇಗೂ ಇದ್ದವು. ಹಿಂದಿನ ಗೋಡೆಯ ಬೋಲ್ಟಿನ ಗುರುತಿನ ಮೇಲೆ ತಗಡಿನ ತೇಪೆ ಹಚ್ಚಿ ಬಣ್ಣ ಬಳಿದ. ಮುಚ್ಚಳವನ್ನು ಮುರುಕು ಕಬ್ಬಿಣದ ರಾಶಿಯ ಕೆಳಗೆ ತುರುಕಿದ. ಕೆಲಸ ಮುಗಿಸಿ ಮೂಕಿಯನ್ನು ಎತ್ತಿ ನೋಡಿದ. ಎರಡು ಕೈ ಹಾಕಿದರೂ ಭಾರ ಅನಿಸಿತು.

ಮರುವಾರ ಖುರ್ಷೀದಾ ಗಾಡಿ ನೋಡಲು ಬಂದರು. ಒಳಗೆ ಹೋಗಲಿಲ್ಲ. ಮುಂದೆ ನಿಂತು ಸ್ಟೆಪ್ನಿ ನೋಡಿದರು, ಹಿಂದೆ ಹೋಗಿ ತೇಪೆಯ ಮೇಲೆ ಬೆರಳಾಡಿಸಿದರು.

"ದೋಷ ಇರ್ಲಿಲ್ಲ ಅಂದ್ರಲ್ಲ. ಮತ್ಯಾಕ ಜಾಗ ಬದಲಿಸಿದ್ರಿ?"

ಗುತ್ತೆಪ್ಪ ಸುತ್ತಿಗೆಯ ಹಿಡಿಯನ್ನು ಕಲ್ಲಿಗೆ ಕುಟ್ಟಿ ಬಿಗಿಮಾಡತೊಡಗಿದ.

"ಉಚ್ಚಂಗಮ್ಮನ ಮನೆಗೆ ಹೋಗಿದ್ದೆ. ಎಡಗೈಯಾಗ ರೊಟ್ಟಿ ಬಡಿತಾಳೆ. ದುಂಡಗೆ ಬರಂಗಿಲ್ಲ, ಹರಿದು ಹೋಗ್ತೈತೆ. ಸಾಬ್ರದು ತಪ್ಪು ಅಂತ ಅವಳೂ ನಂಬ್ಯಾಳೆ" ಎಂದು ಖುರ್ಷೀದಾ ದನಿ ಏರಿಸದೆ ಹೇಳಿದರು. "ನಾನು ಹೇಳಿದ್ರೆ ನನ್ನ ಮಾತು ಯಾರೂ ಕೇಳೂದಿಲ್ಲ. ನೋಡಿದ್ರಲ್ಲ ಅವತ್ತು."

ಅವರು ಹೋದ ಮೇಲೆ ಗುತ್ತೆಪ್ಪ ಅಂಗಡಿ ಮುಚ್ಚಿ ಮನೆಗೆ ಬಂದ. ಚೌಡವ್ವ ಬಡಿಸಿದಳು. ಅವನು ರೊಟ್ಟಿಯನ್ನು ಮುರಿದು ತಟ್ಟೆಯಲ್ಲೇ ಬಿಟ್ಟ. ಅವಳು ಕೇಳಿದಳು, ಅವನು ಹೇಳಿದ. ಮೂಕಿ ಎರಡು ಬೆರಳಿಗೆ ಎದ್ದದ್ದನ್ನು, ಜನರನ್ನು ನಗಿಸಿದ್ದನ್ನು, ಬೆಸುಗೆಯ ಮಾತನ್ನು. ಯಾವುದನ್ನೂ ಮುಚ್ಚಲಿಲ್ಲ. ಚೌಡವ್ವ ಅವನ ಮುಂದಿನ ತಟ್ಟೆ ಎತ್ತಿ ಒಳಗಿಟ್ಟು ಬಂದಳು. ಆಮೇಲೆ, "ನನಗೆ ಹೇಳಿದ್ರೆ ಏನು ಬಂತು" ಎಂದಳು.

ಬೆಳಿಗ್ಗೆ ಮೊದಲ ಬಸ್ಸಿಗೆ ಹರಿಹರಕ್ಕೆ ಹೋದ. ಮೌಲಾ ಸಾಬರ ಮನೆಯಲ್ಲಿ ಮಗಳು ನಸೀಮಾ ಇದ್ದಳು. ಅಪ್ಪ ಹೊಳೆಯ ಹತ್ತಿರ ಇದ್ದಾರೆ ಎಂದಳು. ಗುತ್ತೆಪ್ಪ ತುಂಗಭದ್ರೆಯ ದಡಕ್ಕೆ ಇಳಿದ. ಮೊಣಕಾಲುದ್ದದ ನೀರಿನಲ್ಲಿ ಒಂದು ಲಾರಿ ನಿಂತಿತ್ತು. ಮೌಲಾ ಸಾಬ್ ಪ್ಯಾಂಟು ಮಡಚಿಕೊಂಡು, ತೆಂಗಿನ ನಾರು ಹಿಡಿದು ಅದರ ಚಕ್ರ ತಿಕ್ಕುತ್ತಿದ್ದರು. ಲಾರಿಯವನು ದಡದ ಮೇಲೆ ಬೀಡಿ ಸೇದುತ್ತ, "ಒಳಗಿನ ಮಣ್ಣೂ ತೆಗಿ, ಅಜ್ಜ" ಎನ್ನುತ್ತಿದ್ದ.

ಗುತ್ತೆಪ್ಪನಿಗೆ ತಿರುಗಿ ಹೋಗಿಬಿಡೋಣ ಅನಿಸಿತು. ಅಷ್ಟರಲ್ಲಿ ಮೌಲಾ ಸಾಬ್ ತಲೆ ಎತ್ತಿ ನೋಡಿದರು. ಇವನು ಚಪ್ಪಲಿ ಬಿಟ್ಟು ನೀರಿಗಿಳಿದ.

"ಸಾಬ್ರೆ, ತಪ್ಪು ನಂದು. ನೀವು ಹೇಳಿದ ದಿನನೇ ನನಗ ಗೊತ್ತಿತ್ತು."

"ನನಗೂ ಗೊತ್ತಿತ್ತು" ಎಂದರು ಮೌಲಾ ಸಾಬ್. ಚಕ್ರ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಗೊತ್ತಿದ್ದೂ ಗಾಡಿ ತಗಂಡು ಹೋದೆ ನೋಡು, ಅದು ನನ್ನ ತಪ್ಪು. ಜನ ನಕ್ಕದ್ದಕ್ಕೆ ನನಗೂ ಹಟ ಬಂತು. ಆಕಿ ಕೈ ಮುರೀತು."

"ಕ್ಷಮಿಸಿದೆ ಅನ್ರಿ."

ಮೌಲಾ ಸಾಬ್ ನಾರನ್ನು ನೀರಿನಲ್ಲಿ ಜಾಲಿಸಿ ಹಿಂಡಿದರು. "ಇಲ್ಲಿ ಹೊಳ್ಯಾಗೆ ನಿಂತು ಹೇಳಿದ್ರೆ ಮೀನು ಕೇಳ್ತಾವೆ. ಅಲ್ಲಿ ಹೇಳು, ಆ ಪಡಸಾಲ್ಯಾಗೆ. ಆಮ್ಯಾಲೆ ನನ್ನನ್ನ ಕೇಳು."

ಅವತ್ತೇ ಹೇಳಿದ. ದ್ರಾಕ್ಷಾಯಣಮ್ಮ ಆ ಇಬ್ಬರು ಹಿರಿಯರನ್ನೂ ಖುರ್ಷೀದಾ ಅವರನ್ನೂ ಕರೆಸಿದರು. ಗುತ್ತೆಪ್ಪ ಈ ಸಲ ಬಾಗಿಲ ಹತ್ತಿರ ನಿಲ್ಲದೆ ಪಡಸಾಲೆಯ ನಡುವೆ ನಿಂತು, ಮೂಕಿಯ ಮೇಲೆ ತೂತು ಕೊರೆದದ್ದರಿಂದ ಶುರುಮಾಡಿದ. ಮುಚ್ಚಳದ ವಿಷಯವನ್ನೂ ಹೇಳಿದ. ಒಂದು ಹೆಸರಿಗಾಗಿ ಎನ್ನುವುದು ಬಾಯಿ ಬಿಟ್ಟು ಹೇಳುವಾಗ ಅವನು ಎಣಿಸಿದ್ದಕ್ಕಿಂತ ಬಹಳ ಸಣ್ಣದಾಗಿ ಕೇಳಿಸಿತು.

ದ್ರಾಕ್ಷಾಯಣಮ್ಮ ಬಯ್ಯಲಿಲ್ಲ. "ನಾನು ಕೇಳ್ದಾಗ ಹೇಳ್ಬೇಕಿತ್ತು" ಎಂದಷ್ಟೇ ಅಂದರು. ಖುರ್ಷೀದಾ ಅವರ ಕಡೆ ತಿರುಗಿ, "ನಿನ್ನ ಮಾತು ನಾನೂ ಕೇಳ್ಲಿಲ್ಲವ್ವ" ಎಂದರು. ಹಿರಿಯರು ನೆಲ ನೋಡುತ್ತ ಕುಳಿತರು. ಮರುದಿನ ದ್ರಾಕ್ಷಾಯಣಮ್ಮನವರೇ ಹರಿಹರಕ್ಕೆ ಹೋಗಿ ಮೌಲಾ ಸಾಬರನ್ನು ಕರೆತಂದರು.

ಉಚ್ಚಂಗಮ್ಮನ ಕೈ ಕೂಡಿಕೊಳ್ಳಲು ಇನ್ನೂ ಎರಡು ತಿಂಗಳು ಹಿಡಿಯಿತು. ಅಷ್ಟು ದಿನವೂ ಗುತ್ತೆಪ್ಪ ಬೆಳಿಗ್ಗೆ ನಿಟ್ಟುವಳ್ಳಿಗೆ ಹೋಗಿ ಬಾವಿಯಿಂದ ಅವಳ ಮನೆಗೆ ನೀರು ಹೊತ್ತು ಹಾಕಿದ. ಗಂಡಸು ಕೊಡ ಹೊತ್ತದ್ದನ್ನು ನೋಡಿ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಉಚ್ಚಂಗಮ್ಮ ಮಾತ್ರ ಮೊದಲ ವಾರವೆಲ್ಲ ಅವನ ಮುಖ ನೋಡಲಿಲ್ಲ. ಚೌಡವ್ವ ದಿನಾ ರೊಟ್ಟಿ ಬಡಿದು ಅವನ ಕೈಯಲ್ಲಿ ಕಟ್ಟಿ ಕಳಿಸುತ್ತಿದ್ದಳು.

ಮೌಲಾ ಸಾಬ್ ಮತ್ತೆ ಆರು ವರ್ಷ ಆ ಗಾಡಿ ಎಳೆದರು. ಅದರಲ್ಲಿ ಎಷ್ಟೋ ಮಕ್ಕಳು ಹುಟ್ಟಿದವು. ರಿಪೇರಿ ಇದ್ದರೆ ಗುತ್ತೆಪ್ಪನಲ್ಲಿಗೇ ತರುತ್ತಿದ್ದರು, ಕೆಲಸದ ಮಾತು ಆಡುತ್ತಿದ್ದರು. ಚಹಾ ತರಿಸಿದರೆ ಮಾತ್ರ, "ಈಗ ಬ್ಯಾಡ" ಎಂದು ಜೀಪಿನ ಕಡೆ ನಡೆಯುತ್ತಿದ್ದರು. ಕ್ಷಮಿಸಿದ್ದೀರಾ ಎಂದು ಗುತ್ತೆಪ್ಪ ಇನ್ನೊಮ್ಮೆ ಕೇಳಲಿಲ್ಲ. ಕೇಳುವ ಹಕ್ಕು ತನಗಿಲ್ಲ ಎಂದು ಅವನಿಗೆ ಅನಿಸಿತ್ತು.

ಊರಿನ ಜನ ಬರಬರುತ್ತಾ ಕಥೆಯನ್ನು ಬೇರೆ ರೀತಿ ಹೇಳತೊಡಗಿದರು. ತನ್ನ ತಪ್ಪನ್ನು ತಾನೇ ಒಪ್ಪಿಕೊಂಡ ಪ್ರಾಮಾಣಿಕ ಎಂದು ಹೊಸ ಗಿರಾಕಿಗಳಿಗೆ ಅವನನ್ನು ತೋರಿಸುತ್ತಿದ್ದರು. ಅವನ ಅಂಗಡಿಗೆ ಮೊದಲಿಗಿಂತ ಹೆಚ್ಚು ಕೆಲಸ ಬಂತು. ಹೊಗಳಿಕೆ ಕೇಳಲು ಊಟ ಬಿಟ್ಟು ನಿಲ್ಲುತ್ತಿದ್ದ ಮನುಷ್ಯ ಆಗ ಕೈಯಲ್ಲಿದ್ದ ಕೆಲಸ ಕೆಳಗಿಟ್ಟು ಹೇಳುತ್ತಿದ್ದ: "ಹಂಗಲ್ರಿ. ಹತ್ತೊಂಬತ್ತು ದಿನ ಸುಮ್ನಿದ್ದೆ. ಅಷ್ಟು ದಿನ ಆ ಮನುಷ್ಯ ಹೊಳ್ಯಾಗೆ ನಿಂತು ಮಂದಿ ಲಾರಿ ತೊಳೆದಾನೆ. ಅದನ್ನೂ ಸೇರಿಸಿ ಹೇಳ್ರಿ."

ಕೇಳಿದವರು ಇದೂ ಅವನ ದೊಡ್ಡತನವೇ ಎಂದುಕೊಂಡು ಹೋಗುತ್ತಿದ್ದರು. ಗುತ್ತೆಪ್ಪ ತಲೆ ತಗ್ಗಿಸಿ, ಕಣ್ಣಿಗೆ ಕಪ್ಪು ಕನ್ನಡಕ ಎಳೆದುಕೊಂಡು, ಮತ್ತೆ ಬೆಂಕಿ ಹೊತ್ತಿಸುತ್ತಿದ್ದ.