ಅಟ್ಟದ ಮೇಲಿನ ಕೋವಿ, ನನ್ನ ಹೊಟ್ಟೆಕಿಚ್ಚು

ನಮ್ಮೂರಿನ ಹಾಲಿನ ಡೈರಿಯ ಗೋಡೆಗೆ ನಾನೊಂದು ಹಾಳೆ ಅಂಟಿಸಿದ್ದೆ. ತಲೆಬರಹದ ಕೆಳಗೆ ಸ್ಕೇಲಿಟ್ಟು ಕೆಂಪು ಗೆರೆ ಎಳೆದಿದ್ದೆ. ಶ್ರೀರಂಗಪಟ್ಟಣದ ಕಾನ್ವೆಂಟಿನಲ್ಲಿ ಕಲಿತ ಅಭ್ಯಾಸ. ಮದುವೆಯಾಗಿ ಅಕ್ಕಿಹೆಬ್ಬಾಳಿನ ಹತ್ತಿರದ ಈ ಊರಿಗೆ ಬಂದು ಹದಿನೆಂಟು ವರ್ಷವಾದರೂ ದಿನಸಿ ಚೀಟಿಗೂ ಗೆರೆ ಎಳೆಯದಿದ್ದರೆ ಕೈಗೆ ಸಮಾಧಾನವಿಲ್ಲ.

ಹಾಳೆಯಲ್ಲಿದ್ದದ್ದು ಕೋವಿಯ ಕಾನೂನು. ಕಬ್ಬಿನ ಗದ್ದೆಗೆ ಹಂದಿ ನುಗ್ಗುತ್ತವೆಂದು ನಮ್ಮ ಕಡೆಯ ಹಿರಿಯರು ಕೆಲವರು ಲೈಸೆನ್ಸು ಮಾಡಿಸಿ ಒಂಟಿ ನಳಿಗೆಯ ಕೋವಿ ಇಟ್ಟುಕೊಂಡಿದ್ದರು. ಆ ಹಿರಿಯರಲ್ಲಿ ಎಷ್ಟೋ ಜನ ಈಗಿಲ್ಲ. ಕೋವಿಗಳು ಮಾತ್ರ ಹಳೆಯ ಪಂಚೆ ಸುತ್ತಿಕೊಂಡು ಅಟ್ಟದ ಮೇಲಿವೆ. ಆಯುಧಪೂಜೆಯ ದಿನ ಕುಡುಗೋಲು, ಟ್ರ್ಯಾಕ್ಟರುಗಳ ಜೊತೆ ಇಳಿದು ಕುಂಕುಮ ಹಚ್ಚಿಸಿಕೊಂಡು ಮತ್ತೆ ಮೇಲೇರುತ್ತವೆ. ಕೆ.ಆರ್. ಪೇಟೆಯಲ್ಲಿ ಪೊಲೀಸಿನವರು ಮಹಿಳಾ ಸಂಘಗಳನ್ನು ಕರೆದು ಸಭೆ ಮಾಡಿದಾಗ ಈ ಕಾನೂನಿನ ಅಚ್ಚಿನ ಹಾಳೆ ಹಂಚಿ, ಊರಿನಲ್ಲಿ ತಿಳಿಸಿ ಎಂದಿದ್ದರು. ನಮ್ಮ ಸಂಘದವರು ‘ನೀವು ಓದ್ದೋರು’ ಎಂದು ಅದನ್ನು ನನ್ನ ಕೈಗೆ ಕೊಟ್ಟರು. ಆ ದಿನ ಬಸ್ಸಿನಲ್ಲಿ ಹಾಳೆ ಮಡಿಕೆಯಾಗದಂತೆ ಎದೆಗೆ ಒತ್ತಿಕೊಂಡೇ ಬಂದೆ.

ಅದನ್ನು ನೋಡಿಕೊಂಡು ಎರಡು ಸಲ ತಿದ್ದಿ ಬರೆದೆ. ಮದುವೆ, ಮೆರವಣಿಗೆಗಳಲ್ಲಿ ಗುಂಡು ಹಾರಿಸುವುದು ಅಪರಾಧ. ಚುನಾವಣೆಯ ವೇಳೆ ಆದೇಶ ಬಂದರೆ ಕೋವಿಯನ್ನು ಠಾಣೆಯಲ್ಲಿ ಇಡತಕ್ಕದ್ದು. ಕೊನೆಯ ಸಾಲು ಹೀಗಿತ್ತು: ‘ಪರವಾನಗಿಯು ವ್ಯಕ್ತಿಗೆ ಸೀಮಿತವಾದುದು. ಪರವಾನಗಿದಾರರು ಮೃತಪಟ್ಟಲ್ಲಿ ಆಯುಧವನ್ನು ವಿಳಂಬವಿಲ್ಲದೆ ಒಪ್ಪಿಸತಕ್ಕದ್ದು.’

ಮೂರು ದಿನ ಯಾರೂ ಓದಲಿಲ್ಲ. ನಾಲ್ಕನೆಯ ದಿನ ನನ್ನ ವಾರಗಿತ್ತಿ ಓದಿದಳು.

ನನ್ನ ಮೈದುನನ ಹೆಂಡತಿ ಅವಳು. ಸಿಂಧಘಟ್ಟದ ಕಡೆಯವಳು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕ್ಯಾನು ಸೊಂಟಕ್ಕೆ ಒತ್ತಿಕೊಂಡು ನಿಂತು, “ಬನ್ರವ್ವಾ, ನಮ್ಮಕ್ಕ ಏನೋ ಬರ್ದವ್ರೆ! ಮದ್ವೇಲಿ ಢಂ ಅನ್ನಿಸಿದ್ರೆ ಗಂಡು ಅತ್ತೆ ಮನೆಗಲ್ಲ, ಜೈಲಿಗೆ ಓಗ್ಬೇಕಂತೆ!” ಎಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕು ಹತ್ತಿರ ಬಂದರು. ನನ್ನ ಒಂದೊಂದು ಸಾಲನ್ನೂ ಅವಳು ಬಿಡಿಸಿ ಹೇಳಿದಳು. “ಏ, ಲಾಯರಮ್ಮ ಆಗ್ಬುಟ್ಲು ಕಣ್ರೇ,” ಎಂದರು ಯಾರೋ. ಹದಿನೆಂಟು ವರ್ಷದಲ್ಲಿ ಆ ಡೈರಿಯಲ್ಲಿ ನನ್ನ ಮಾತಿಗೆ ಯಾರೂ ಹಾಗೆ ನಕ್ಕಿರಲಿಲ್ಲ. ನನ್ನ ಕ್ಯಾನಿನ ಮುಚ್ಚಳ ಸರಿಯಾಗಿದ್ದರೂ ಮತ್ತೆ ತೆಗೆದು ಹಾಕಿದೆ.

ಆಗ ನಮ್ಮ ಬೀದಿಯ ದೊಡ್ಡಮ್ಮ ಒಬ್ಬರು ಕೇಳಿದರು. ಅವರ ಯಜಮಾನರು ಹೋಗಿ ಒಂದು ವರ್ಷವಾಗಿತ್ತು. “ನಮ್ಮನೇಲೂ ಒಂದು ಕೋವಿ ಅದೆಯಲ್ಲವ್ವ, ಅವರ್ದು. ಅದುನ್ನೇನ್ ಮಾಡದು?”

ವಾರಗಿತ್ತಿ ಹಾಳೆಯ ಕೊನೆಯ ಸಾಲಿನ ಕಡೆ ನೋಡಲೂ ಇಲ್ಲ. “ಜಮೀನು ಪೌತಿ ಖಾತೆ ಆಗಿಲ್ವಾ ದೊಡ್ಡವ್ವ? ಅಪ್ಪ ಓದ್ಮೇಲೆ ಮಕ್ಕಳ ಎಸ್ರಿಗೆ ಬರಲ್ವಾ? ಇದೂ ಅಂಗೇಯ. ದೊಡ್ಡಮಗನಿಗೆ ಬತ್ತದೆ, ಮಡಿಕಳಿ.”

ತಪ್ಪು. ಅದು ತಪ್ಪೆಂದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಬಾಯಿ ತೆರೆದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ತೆರೆಯಲಿಲ್ಲ. ಆಡಲಿ, ಲಾಯರಮ್ಮ ತಾನೇ, ಒಂದು ದಿನ ಎಲ್ಲರೆದುರು ಗೊತ್ತಾಗಲಿ ಎಂದುಕೊಂಡೆ. ಆ ಯೋಚನೆ ಬೆಲ್ಲದ ಚೂರಿನಂತೆ ಸಿಹಿಯಾಗಿತ್ತು. ನಾಳೆ ಹೇಳೋಣ ಎಂದದ್ದು ನಾಡಿದ್ದಾಯಿತು. ಹತ್ತು ದಿನ ಕಳೆಯಿತು.

ಹನ್ನೊಂದನೆಯ ದಿನ ಮಧ್ಯಾಹ್ನ ದೊಡ್ಡಮ್ಮನ ಇಬ್ಬರು ಗಂಡುಮಕ್ಕಳಿಗೂ ನಾಲೆಯ ನೀರಿನ ವಿಷಯಕ್ಕೆ ಗದ್ದೆಯಲ್ಲಿ ಹತ್ತಿದ ಜಗಳ ಮನೆಯ ಅಂಗಳಕ್ಕೆ ಬಂತು. ಕೂಗಾಟ ಕೇಳಿ ನಾನು ಹೊರಗೆ ಬಂದೆ. ದೊಡ್ಡವನು ತಮ್ಮನಿಗೆ, “ನಿಂತ್ಕಳ್ಲಾ ಅಲ್ಲೇ! ಅಟ್ಟದ ಮ್ಯಾಲಿರೋದು ನಂದು ಕಣ್ಲಾ, ಡೈರೀಲೇ ಏಳವ್ರೆ!” ಎನ್ನುತ್ತ ಒಳಗೆ ನುಗ್ಗಿದ. ಅವನಿಗಿಂತ ಮುಂಚೆ ದೊಡ್ಡಮ್ಮ ಏಣಿಯನ್ನು ಎಳೆದು ಹಿತ್ತಿಲಿಗೆ ಹಾಕಿ ಅದರ ಮೇಲೆಯೇ ಕುಳಿತುಬಿಟ್ಟಿದ್ದರು. ತಲೆಗೂದಲು ಬಿಚ್ಚಿಹೋಗಿತ್ತು, ಸೆರಗು ಮಣ್ಣಿಗೆ ಜಾರಿತ್ತು. “ನನ್ನ ತುಳ್ಕೊಂಡು ಓಗ್ಲಾ,” ಎಂದರು. ಬೀದಿಯ ಗಂಡಸರು ಬಂದು ಬಿಡಿಸಿದರು. ಏನೂ ಆಗಲಿಲ್ಲ. ‘ಡೈರೀಲೇ ಏಳವ್ರೆ’ ಎಂಬ ಮಾತು ಮಾತ್ರ ನನ್ನ ಕಿವಿಯಿಂದ ಇಳಿಯಲಿಲ್ಲ.

ನಮ್ಮ ಹಿತ್ತಿಲಲ್ಲಿ ವಾರಗಿತ್ತಿ ಹಾಲಿನ ಕ್ಯಾನು ಉಜ್ಜುತ್ತಿದ್ದಳು. ಅವಳ ಮುಂದೆ ನಿಂತು ಕೊನೆಯ ಸಾಲಿನ ಅರ್ಥ ಹೇಳಿದೆ.

“ಅಯ್ಯೋ ಶಿವನೇ! ನಿಮ್ಗೆ ಅವತ್ತೇ ಗೊತ್ತಿತ್ತಾ ಅಕ್ಕ?”

“ಅವತ್ತೇ ಗೊತ್ತಿತ್ತು.”

“ಮತ್ಯಾಕೆ ಸುಮ್ಕಿದ್ರಿ? ಎಲ್ಲರ ಮುಂದೆ ನಾಚ್ಕೆ ಆಯ್ತಾ?”

ತಪ್ಪಿಸಿಕೊಳ್ಳಲು ಅವಳೇ ದಾರಿ ಕೊಟ್ಟಿದ್ದಳು. ಆದರೂ ಹೇಳಿದೆ, “ನಾಚಿಕೆ ಅಲ್ಲ. ನಿನ್ನ ಮಾತು ತಪ್ಪಾಗಲಿ ಅಂತ ಸುಮ್ಮನಿದ್ದೆ.”

ಅವಳ ಕೈ ನಿಂತಿತು. ತೆಂಗಿನ ನಾರಿನಿಂದ ಬೂದಿನೀರು ತೊಟ್ಟಿಕ್ಕುತ್ತಿತ್ತು. “ಇಂಗೆಲ್ಲಾ ಇರ್ತದಾ ನಿಮ್ಮ ಒಳಗೆ?” ಎಂದಳು ನಿಧಾನವಾಗಿ. ಆಮೇಲೆ ಸೆರಗಿಗೆ ಕೈ ಒರೆಸಿ ಎದ್ದಳು. “ಚಪ್ಲಿ ಮೆಟ್ಕಳಿ. ನಮ್ದು ಆಮ್ಯಾಕೆ. ಮೊದ್ಲು ಅದು ಅಟ್ಟದಿಂದ ಇಳೀಲಿ.”

ದೊಡ್ಡಮ್ಮನ ದೊಡ್ಡಮಗ ಜಗುಲಿಯ ಮೇಲೆ ಮುಖ ಊದಿಸಿ ಕುಳಿತಿದ್ದ. ಅವಳು ಎದುರಿಗೇ ಕುಕ್ಕರುಗಾಲಲ್ಲಿ ಕುಳಿತಳು. “ಅಣ್ಣ, ನಾನೇ ತಪ್ಪೇಳ್ದೆ. ಅದು ನಿಂದಲ್ಲ.”

“ಜಮೀನು ನಂದಾಯ್ತಲ್ಲ!”

“ನಿಮ್ಮಪ್ಪನ ವೋಟರ್ ಕಾರ್ಡ್ ಇಟ್ಕೊಂಡು ನೀನ್ ಓಗಿ ವೋಟ್ ಹಾಕ್ಬುಟ್ಟೀಯಾ? ಲೈಸೆನ್ಸೂ ಅಂಗೇಯ. ಅವರದ್ದು ಅವರ ಜೊತೆಗೇ ಓಯ್ತು. ಬೇಕಾದ್ರೆ ನಿನ್ನೆಸ್ರಲ್ಲಿ ಹೊಸಾದಾಗಿ ಅರ್ಜಿ ಹಾಕು. ಅಲ್ಲೀಗಂಟ ಅದು ಸ್ಟೇಷನ್ನಲ್ಲಿರ್ಲಿ.”

ಅವನು ತಲೆಯಾಡಿಸಿ, ಹಿತ್ತಿಲಿನ ಏಣಿ ತರಲು ಎದ್ದ. ‘ವ್ಯಕ್ತಿಗೆ ಸೀಮಿತವಾದುದು’ ಎಂದು ನಾನು ಎರಡು ಸಲ ತಿದ್ದಿ ಬರೆದದ್ದನ್ನು ಅವಳು ಕುಕ್ಕರುಗಾಲಲ್ಲಿ ಕುಳಿತು ಹೇಳಿ ಮುಗಿಸಿದ್ದಳು. ಅಂಥ ಹೊತ್ತಿನಲ್ಲೂ ನನ್ನ ಹೊಟ್ಟೆ ಉರಿಯಿತು. ಸುಳ್ಳೇಕೆ ಹೇಳಲಿ?

ಠಾಣೆಗೆ ಫೋನು ಮಾಡಿದೆವು. ನಮ್ಮೂರಿನ ಕಡೆ ಬರುವ ಪೇದೆ ಬಂದು ಕೋವಿ ಪಡೆದು ರಸೀದಿ ಬರೆದುಕೊಟ್ಟರು. ದೊಡ್ಡಮ್ಮ ವಾರಗಿತ್ತಿಯ ಎರಡೂ ಕೈ ಹಿಡಿದುಕೊಂಡು ಅತ್ತರು. ನಾನು ರಸೀದಿಯಲ್ಲಿ ಹೆಸರಿನ ಕಾಗುಣಿತ ಸರಿಯಿದೆಯೇ ಎಂದು ನೋಡುತ್ತ ನಿಂತಿದ್ದೆ.

ಮರುದಿನ ಡೈರಿಯಲ್ಲಿ ಅವಳು ಎಲ್ಲರಿಗೂ ಕೇಳುವಂತೆ, “ಈ ಬಾಯಿಗೊಂದಿಷ್ಟು ಬೆಂಕಿ ಹಾಕ! ಪೌತಿ ಖಾತೆ ಅಂತ ಎಲ್ಲರಿಗೂ ತಪ್ಪೇಳ್ಬುಟ್ಟಿದ್ದೆ ಕಣ್ರವ್ವ,” ಎಂದು ನಡೆದದ್ದನ್ನೆಲ್ಲ ಹೇಳಿದಳು. ನಾನು ಬಾಯಿ ಮುಚ್ಚಿಕೊಂಡಿದ್ದ ಹತ್ತು ದಿನದ ವಿಷಯ ಮಾತ್ರ ಹೇಳಲಿಲ್ಲ. ಜನಕ್ಕೆ ಅವಳ ಮೇಲೆ ಪ್ರೀತಿ ಹೆಚ್ಚೇ ಆಯಿತು. ನಾನು ತಪ್ಪು ಮಾಡಿದ್ದರೆ ಹೀಗೆ ಒಪ್ಪಿಕೊಂಡು ನಗಿಸಲು ನನ್ನಿಂದ ಆಗುತ್ತಿರಲಿಲ್ಲ.

ಹಿಂದಿನ ಬೀದಿಯ ಹೆಂಗಸೊಬ್ಬಳು, “ನಮ್ಮ ಮಾವಂದೂ ಒಂದದೆ, ತೀರ್ಕೊಂಡು ನಾಕ್ ವರ್ಸ ಆಯ್ತು,” ಎಂದಳು.

“ನಮ್ಮಕ್ಕನ್ನ ಕೇಳಿ, ಬರ್ದೋರು ಅವರೇ,” ಎಂದಳು ವಾರಗಿತ್ತಿ.

ಎಲ್ಲರೂ ನನ್ನ ಕಡೆ ತಿರುಗಿದರು. ಗಂಟಲು ಸರಿಮಾಡಿಕೊಂಡು ಒಂದು ತಪ್ಪೂ ಇಲ್ಲದೆ ಹೇಳಿದೆ. ಆ ಹೆಂಗಸು ಗೌರವದಿಂದ ತಲೆಯಾಡಿಸುತ್ತ ಕೊನೆಯವರೆಗೂ ಕೇಳಿದಳು. ಆಮೇಲೆ ವಾರಗಿತ್ತಿಯ ಕಡೆ ಬಾಗಿ ಮೆಲ್ಲಗೆ, “ಏನಂದ್ರವ್ವ ಅವರು?” ಎಂದಳು.

ಅವಳು ನನ್ನ ಮುಖ ನೋಡಿದಳು. ನಾನೇ, “ಹೇಳು” ಎಂದೆ. ಹೇಳಿದಳು.

ಆ ಸಂಜೆಯೇ ಆ ಮನೆಯ ಕೋವಿಯೂ ಠಾಣೆ ಸೇರಿತು.