ಏಡಿಯ ಗೆರೆ ಓದುವ ಆರ್ಲೀನ್

ಬೆಳಿಗ್ಗೆ ಐದೂಮುಕ್ಕಾಲು. ಆರ್ಲೀನ್ ಡೈಜ್ ತಗಡಿನ ಶೆಡ್ಡಿನ ಮೂರನೇ ತೊಟ್ಟಿಯಿಂದ ಹತ್ತೊಂಬತ್ತು ಸತ್ತ ಏಡಿಗಳನ್ನು ಎತ್ತುತ್ತಾರೆ. ಒಂದೂ ಪೂರ್ತಿಯಾಗಿಲ್ಲ. ಜೊತೆಯವೇ ತಿಂದಿವೆ.

ಅಮೆರಿಕದ ಚೆಸಪೀಕ್ ಕೊಲ್ಲಿಯ ಈ ದ್ವೀಪದಲ್ಲಿ ನೀಲಿ ಏಡಿಗಳನ್ನು ಚಿಪ್ಪು ಕಳಚುವವರೆಗೆ ತೊಟ್ಟಿಯಲ್ಲಿಟ್ಟು, ಮೈ ಮೆತ್ತಗಿರುವಾಗಲೇ ಮಾರುತ್ತಾರೆ. ಆಗಷ್ಟೇ ಚಿಪ್ಪು ಕಳಚಿದ ಏಡಿಗೆ ಓಡಲೂ ಆಗದು, ಕಚ್ಚಲೂ ಆಗದು. ಆದ್ದರಿಂದ ಒಂದೇ ಹೊತ್ತಿಗೆ ಕಳಚುವವು ಒಂದೇ ತೊಟ್ಟಿಯಲ್ಲಿರಬೇಕು. ಆ ಹೊತ್ತನ್ನು ಹೇಳುವುದು ಹಿಂದಿನ ಚಪ್ಪಟೆ ಕಾಲಿನ ಅಂಚಿನಲ್ಲಿರುವ ಕೂದಲೆಳೆಯಷ್ಟು ಗೆರೆ. ಬಿಳಿಯಾದರೆ ಎರಡು ವಾರ, ಗುಲಾಬಿಯಾದರೆ ಒಂದು ವಾರ, ಕೆಂಪಾದರೆ ಒಂದೆರಡು ದಿನ. ಮೂರನೆಯದು ಕೆಂಪು ಗೆರೆಯವುಗಳ ತೊಟ್ಟಿ.

"ಕೆಂಪಿನವು ಊಟಾನೇ ಬಿಟ್ಟಿರ್ತಾವೆ. ಗುಲಾಬಿಯವು ಹಾಗಲ್ಲ. ಪಕ್ಕದಲ್ಲಿ ಬೆಣ್ಣೆ ಥರ ಬಿದ್ದಿದ್ರೆ ಯಾರು ಬಿಡ್ತಾರೆ ಹೇಳಿ?" ಎನ್ನುತ್ತಾರೆ ಆರ್ಲೀನ್. ವಯಸ್ಸು ಅರವತ್ತೆರಡು. ಮೂವತ್ತೊಂದು ವರ್ಷಗಳಿಂದ ಇದೇ ಹಲಗೆಯ ಮುಂದೆ ನಿಂತು ದಿನಕ್ಕೆ ಸಾವಿರಕ್ಕೂ ಹೆಚ್ಚು ಏಡಿ ವಿಂಗಡಿಸುತ್ತಾರೆ.

ಐದು ದಿನಗಳಿಂದ ಮೂರನೇ ತೊಟ್ಟಿಯಲ್ಲಿ ಹೀಗೇ ಆಗುತ್ತಿದೆ. ಸೋಮವಾರದಿಂದ ಹಲಗೆಯ ಕೆಲಸವನ್ನು ಬೇರೆಯವರಿಗೆ ಕೊಡುವುದಾಗಿ ಮಾಲೀಕ ಹಾರ್ಲನ್ ಹೇಳಿದ್ದಾರೆ. ಬಿಸಿಲೇರಿದಾಗ ಅವರೇ ತೊಟ್ಟಿಯ ಬಳಿ ಬರುತ್ತಾರೆ.

"ಬೇಜಾರ್ ಮಾಡ್ಕೋಬೇಡಿ ಮಿಸ್ ಆರ್ಲೀನ್. ನಿಮ್ಮ ಕಣ್ಣು ಮಂಜಾಗಿದೆ."

"ನಿಂಗೆ ಮೀಸೆ ಬರೋಕೆ ಮುಂಚಿಂದ ಇಲ್ಲಿ ನಿಂತಿದೀನಿ ಕಣೋ. ಬಾ, ನಿನ್ನ ಎಳೇ ಕಣ್ಣಲ್ಲೇ ನೋಡು."

ಅದೇ ತೊಟ್ಟಿಯ ಇಪ್ಪತ್ತು ಏಡಿಗಳನ್ನು ಅವರು ಹಲಗೆಯ ಮೇಲಿಡುತ್ತಾರೆ. ಹಾರ್ಲನ್ ಒಂದೊಂದನ್ನೇ ತಿರುಗಿಸಿ ನೋಡಿ, ಎಲ್ಲವೂ ಕೆಂಪು ಎನ್ನುತ್ತಾರೆ. ಆರ್ಲೀನ್ ಅವನ್ನು ಬುಟ್ಟಿಗೆ ತುಂಬಿ ಹೊರಗಿನ ಬಿಸಿಲಿಗೆ ಒಯ್ಯುತ್ತಾರೆ. ಅಲ್ಲಿ ಏಳರ ಗೆರೆ ಗುಲಾಬಿ. ಹಾರ್ಲನ್ ಆ ಏಳನ್ನೂ ಒಳಗೆ ತಂದು ನೋಡುತ್ತಾರೆ: ಕೆಂಪು. ಮತ್ತೆ ಹೊರಗೆ: ಗುಲಾಬಿ.

"ಇದೇನ್ರೀ ಇದು!"

ಆರ್ಲೀನ್ ಹಲಗೆಯ ಮೇಲಿನ ಚಾವಣಿಯತ್ತ ಬೆರಳು ತೋರಿಸುತ್ತಾರೆ. ಗಾಳಿಗೆ ಹಾರಿಹೋದ ತಗಡಿನ ಜಾಗದಲ್ಲಿ ಕಳೆದ ವಾರ ಹಾರ್ಲನ್ನೇ ಹಸಿರು ಪ್ಲಾಸ್ಟಿಕ್ ಶೀಟು ಹೊಡೆದಿದ್ದರು. ಅದರಡಿಯ ಹಸಿರು ಬೆಳಕಿನಲ್ಲಿ ಗುಲಾಬಿಯೂ ಗಾಢವಾಗಿ ಕೆಂಪಿನಂತೆಯೇ ಕಾಣುತ್ತದೆ.

"ನಿನ್ನೆ ಸಂಜೆ ಒಂದು ಏಡಿ ಕೈಜಾರಿ ಬಾಗಿಲಾಚೆ ಬಿತ್ತು. ಎತ್ಕೊಂಡು ನೋಡ್ತೀನಿ, ಬಣ್ಣಾನೇ ಬೇರೆ! ರಾತ್ರಿಯೆಲ್ಲಾ ಯಾವಾಗ ಬೆಳಗಾಗುತ್ತೋ ಅಂತ ಕಾಯ್ತಿದ್ದೆ."

ಹತ್ತು ಗಂಟೆಗೆ ಹಾರ್ಲನ್ ಏಣಿ ಹತ್ತಿ ಶೀಟು ಕಿತ್ತರು. ಇಬ್ಬರೂ ಸೇರಿ ಮೂರನೇ ತೊಟ್ಟಿಯನ್ನು ಮತ್ತೆ ವಿಂಗಡಿಸಿದರು. ಹೊಸ ತಗಡು ಇನ್ನೂ ಬಂದಿರಲಿಲ್ಲ. ಸೋಮವಾರ ಜೋರು ಮಳೆ. ಆರ್ಲೀನ್ ರೇನ್‌ಕೋಟು ತೊಟ್ಟು ಅದೇ ಹಲಗೆಯ ಮುಂದೆ ಸಾವಿರದ ನೂರು ಏಡಿ ವಿಂಗಡಿಸಿದರು. ಅಂದು ಮೂರನೇ ತೊಟ್ಟಿಯಲ್ಲಿ ಸತ್ತದ್ದು ಒಂದು.