ಕವಲಿನಲ್ಲೊಂದು ಮುತ್ತಲ ಎಲೆ

ಗಾಳಿಮರಗಳ ಕೆಳಗೆ ಒಂದು ತಗ್ಗಿತ್ತು. ಮಳೆಗಾಲದಿಂದ ಬಿದ್ದು ಕೊಳೆತ ಸೂಜಿಯೆಲೆಗಳು ಅದರೊಳಗೆ ದಪ್ಪಗೆ ಹಾಸಿಕೊಂಡಿದ್ದವು. ಕಾಲಿಟ್ಟ ಕೂಡಲೇ ಅಡಿಯಿಂದ ಒಂದು ವಾಸನೆ ಎದ್ದಿತು. ಹುಳಿ ಮೊಸರಿನದು. ಎಷ್ಟು ತೊಳೆದು ಬೋರಲು ಹಾಕಿದರೂ ಮಣ್ಣಿನ ಗಡಿಗೆಯೊಳಗೆ ಉಳಿದುಬಿಡುತ್ತದಲ್ಲ, ಅದೇ. ಸಮುದ್ರ ಇನ್ನೂ ಕಂಡಿರಲಿಲ್ಲ, ಬರೀ ಸದ್ದು ಕೇಳುತ್ತಿತ್ತು. ನಾನು ನಿಂತೇಬಿಟ್ಟೆ.

ಹುನಗುಂದದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಕಳೆದ ಚಳಿಗಾಲದಲ್ಲಿ ನಾನು, ಪಿ.ಟಿ. ಸರ್ ಇಬ್ಬರೂ ಒಂಬತ್ತನೆಯ ತರಗತಿಯ ಹುಡುಗಿಯರನ್ನು ಕರೆದುಕೊಂಡು ಹೊನ್ನಾವರದ ಆಚೆಯ ಕಡಲತಡಿಯ ಕಾಡಿಗೆ ಹೋಗಿದ್ದೆವು. ರಸ್ತೆಯಿಂದ ಸಮುದ್ರದವರೆಗೂ ಮರಗಳು, ಅವುಗಳ ನಡುವೆ ಅತ್ತಿತ್ತ ಹೊರಳುವ ಕಾಲುದಾರಿಗಳು. ನಮ್ಮ ಹುಡುಗಿಯರು ಎರೆಹೊಲದ ಬಯಲಲ್ಲಿ ಬೆಳೆದವರು. ಒಬ್ಬಳು ಕತ್ತು ಎತ್ತಿ, “ಎಷ್ಟು ಗಿಡ ಒಂದ ಕಡಿ ನಿಂತಾವಲ್ರಿ ಟೀಚರ್, ಸಂತಿ ಕೂಡಿಧಂಗ” ಅಂದಳು. “ಸಂತ್ಯಾಗ ಇಷ್ಟು ತಂಪು ಎಲ್ಲಿರತೈತಿ, ಸುಮ್ನ ನಡಿ” ಎಂದು ಇನ್ನೊಬ್ಬಳು ಅವಳನ್ನು ದೂಡಿದಳು.

ಸ್ವಲ್ಪ ಮುಂದೆ ದಾರಿ ಎರಡಾಯಿತು. ಅಲ್ಲಿದ್ದ ಹಲಗೆಯ ಅಕ್ಷರಗಳನ್ನು ಉಪ್ಪುಗಾಳಿ ತಿಂದುಹಾಕಿತ್ತು. ಅರ್ಧ ಹುಡುಗಿಯರು ನನ್ನ ಜೊತೆಗಿದ್ದರು. ಒಬ್ಬಳ ಚಪ್ಪಲಿ ಕಿತ್ತಿದ್ದರಿಂದ ಉಳಿದವರು ಪಿ.ಟಿ. ಸರ್ ಜೊತೆ ಹಿಂದುಳಿದಿದ್ದರು. ಫೋನಿಗೆ ಸಿಗ್ನಲ್ ಇರಲಿಲ್ಲ. ನಾನು ಯೋಚನೆ ಮಾಡಿದ್ದೇನೂ ಇಲ್ಲ. ಪಕ್ಕದ ಸುರಹೊನ್ನೆಯ ಅಗಲವಾದ ಎಲೆಯೊಂದನ್ನು ಕಿತ್ತು ಕವಲಿನಲ್ಲಿಟ್ಟೆ. ತೊಟ್ಟನ್ನು ನಾವು ಹೋಗುವ ಕಡೆಗೆ ತಿರುಗಿಸಿದೆ. ಮೇಲೆ ಹೇರಲು ಕಲ್ಲು ಹುಡುಕಿದೆ. ಆ ಮರಳಿನಲ್ಲಿ ಕಲ್ಲೆಲ್ಲಿ ಸಿಗಬೇಕು? ಒಂದು ದಪ್ಪ ಚಿಪ್ಪು ಸಿಕ್ಕಿತು, ಅದನ್ನೇ ಹೇರಿದೆ.

“ಏನ್ ಪೂಜಾ ಮಾಡಾಕತ್ತೀರೇನ್ರಿ ಟೀಚರ್?”

ಹುಡುಗಿಯರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ನನ್ನ ಕೈಗೆ ಆ ಕೆಲಸ ಕಲಿಸಿದವಳು ಅಷ್ಟು ಹೊತ್ತಿಗೆ ನನ್ನ ನೆನಪಿನಲ್ಲಿ ಗಡಿಗೆ ಹೊತ್ತು ಮುಂದೆ ಹೊರಟಾಗಿತ್ತು...

ನಮ್ಮೂರು ಬಾದಾಮಿಯ ಗುಡ್ಡದ ಹಿಂದಿದೆ. ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ಅವಳದು. ಓಣಿಗೆಲ್ಲ ಆಕೆ ಮೊಸರಿನ ದೊಡ್ಡವ್ವ. ಮನೆಯಲ್ಲಿ ಅವಳೊಬ್ಬಳೇ, ಹಿತ್ತಲಲ್ಲಿ ಎರಡು ಎಮ್ಮೆ. ನಸುಕಿನಲ್ಲೇ ಬುಟ್ಟಿಯೊಳಗೆ ಎರಡು ಗಡಿಗೆ ಇಟ್ಟುಕೊಂಡು, ಹಳೆಯ ಇಳಕಲ್ಲ ಸೀರೆಯ ತುಂಡನ್ನು ಸಿಂಬಿ ಮಾಡಿ, ಗುಡ್ಡ ದಾಟಿ ಬಾದಾಮಿಯ ಹೋಟೆಲುಗಳಿಗೆ ಮೊಸರು ಹಾಕಲು ಹೋಗುತ್ತಿದ್ದಳು. ಗಡಿಗೆಯ ಬಾಯಿಗೆ ಮುತ್ತಲ ಎಲೆ, ಅಂದರೆ ಮುತ್ತುಗದ್ದು. ಬೆಣ್ಣೆ ಕಟ್ಟಿಕೊಡಲು ಸೊಂಟದಲ್ಲಿ ಅದೇ ಎಲೆಗಳ ಇನ್ನೊಂದು ಕಟ್ಟು. ಬಾಯಿ ಸ್ವಲ್ಪ ಜೋರು. ಯಾರಾದರೂ ಮೊಸರು ಹುಳಿಯಾಗಿದೆ ಅಂದರೆ, “ನಿನ್ನ ಮಾರಿ ನೋಡಿ ಹುಳಿ ಆಗೈತಿ” ಅನ್ನುತ್ತಿದ್ದಳು.

ಊರಿನ ಶಾಲೆ ಏಳನೆಯ ತರಗತಿಗೆ ಮುಗಿಯುತ್ತಿತ್ತು. ಮುಂದೆ ಓದಬೇಕೆಂದರೆ ಬಾದಾಮಿಗೇ ಹೋಗಬೇಕು, ಗುಡ್ಡ ಹತ್ತಿ ಇಳಿಯಬೇಕು. ನನ್ನ ಓರಗೆಯ ಹುಡುಗಿಯರು ಯಾರೂ ಹೊರಡಲಿಲ್ಲ. ನಾನು ಮೂರು ದಿನ ಉಣ್ಣದೆ ಕೂತೆ. ಅವ್ವ ಕಟ್ಟೆಯ ಮೇಲೆ ಕೂತು, “ಮುಂದ ಯಾರರ ಇದ್ರ ಕಳಸ್ತೇನಿ. ಒಬ್ಬಾಕಿನ್ನ ಗುಡ್ಡ ಹತ್ತಸೂದುಲ್ಲ” ಅಂದಳು.

“ಮುಂದ ನಾ ಇಲ್ಲೇನು? ಸತ್ತೇನೇನು?” ಗೋಡೆಯ ಆಚೆಯಿಂದ ದೊಡ್ಡವ್ವನ ದನಿ ಬಂತು.

“ನೀ ಹೋಗೂದು ನಸುಕಿನ್ಯಾಗ, ಸಾಲಿ ಚಾಲೂ ಆಗೂದು ಹತ್ತಕ್ಕ. ಅಲ್ಲಿತನಕ ಈಕಿ ನೀರು ತರಬೇಕು, ಸೆಗಣಿ ಬಳೀಬೇಕು.”

“ಬರಲಿ, ಹಿಂದಿಂದ ಬರಲಿ. ನಾ ಮುಂದ ಹೋದದ್ದು ಈಕಿಗೆ ಗೊತ್ತಾಗೂ ಹಂಗ ಮಾಡ್ತೇನಿ.”

ಗುಡ್ಡದ ನೆತ್ತಿಯಲ್ಲಿ ದಾರಿ ಕವಲೊಡೆಯುತ್ತದೆ. ಎಡಕ್ಕೆ ಬಂಡೆಗಳ ಸಂದಿಯಲ್ಲಿ ಇಳಿದರೆ ಬೇಗ ಬಾದಾಮಿ ಸೇರಬಹುದು. ಆದರೆ ಮಳೆಯಾದರೆ ಅಲ್ಲಿ ಕಾಲು ಜಾರುತ್ತದೆ, ಬೇಸಿಗೆಯಲ್ಲಿ ತಲೆಯ ಮೇಲೆ ಹೆಜ್ಜೇನು ತೂಗುತ್ತಿರುತ್ತದೆ. ಬಲಕ್ಕೆ ಕೆರೆಯ ಸುತ್ತು ಹಾಕುವ ದಾರಿ, ಅದು ಭಾಳ ದೂರ. ಯಾವ ದಿನ ಯಾವ ದಾರಿ ಎಂದು ದೊಡ್ಡವ್ವ ನಸುಕಿನಲ್ಲೇ ನೋಡಿ ತೀರ್ಮಾನಿಸುತ್ತಿದ್ದಳು. ಬಂಡೆಯ ಮೇಲೆ ಹೆಜ್ಜೆ ಮೂಡುವುದಿಲ್ಲ. ಅದಕ್ಕೇ ಕವಲಿನಲ್ಲಿ ಒಂದು ಮುತ್ತಲ ಎಲೆ ಇಟ್ಟು, ತೊಟ್ಟನ್ನು ತಾನು ಹೋದ ಕಡೆಗೆ ತಿರುಗಿಸಿ, ಮೇಲೆ ಕಲ್ಲು ಹೇರಿ ಹೋಗುತ್ತಿದ್ದಳು. ಮುತ್ತಲದ ಗಿಡ ಇದ್ದದ್ದು ಊರ ಹಳ್ಳದ ದಂಡೆಯಲ್ಲಿ ಮಾತ್ರ, ಗುಡ್ಡದ ಮೇಲೆ ಒಂದೂ ಇರಲಿಲ್ಲ. ಎಲೆ ಇದೆಯೆಂದರೆ ಅವಳು ದಾಟಿದ್ದಾಳೆ, ದಾರಿ ನೆಟ್ಟಗಿದೆ. ಹಿಂದೆ ಬಂದವಳು ನಾನು ಆ ಎಲೆಯನ್ನು ಎತ್ತಿಕೊಂಡು ಹೋಗಬೇಕು. “ನಿನ್ನಿದು ಇವತ್ತಿಂದು ಕೂಡಬಾರದು” ಎಂದು ದೊಡ್ಡವ್ವ ಹೇಳಿದ್ದಳು. ಎಲೆ ಇಲ್ಲದಿದ್ದರೆ ಮನೆಗೆ ತಿರುಗಿ ಬರಬೇಕು, ಇದು ಅವ್ವನ ಷರತ್ತು.

ದಿನಾ ಹೊಸ್ತಿಲಲ್ಲಿ ಅವ್ವ ಕೇಳುತ್ತಿದ್ದಳು. “ಮುಂದ ಯಾರರ ಅದಾರೇನು?” ನಾನು ಪಕ್ಕದ ಬಾಗಿಲು ಮುಚ್ಚಿದ್ದನ್ನು ನೋಡಿ, “ಅದಾರಬೇ” ಅನ್ನುತ್ತಿದ್ದೆ. “ಹಂಗಾರ ಹೋಗು.”

ಮೂರು ವರ್ಷ ಹೀಗೇ ನಡೆಯಿತು. ಎತ್ತಿಕೊಂಡ ಎಲೆಗಳನ್ನು ಬಿಸಾಡಲು ಮನಸ್ಸು ಬರುತ್ತಿರಲಿಲ್ಲ, ಪುಸ್ತಕಗಳ ನಡುವೆ ತುರುಕುತ್ತಿದ್ದೆ. ನನ್ನ ಪಾಟಿಚೀಲ ಜಾಡಿಸಿದರೆ ಅಕ್ಷರಕ್ಕಿಂತ ಎಲೆಯೇ ಹೆಚ್ಚು ಬೀಳುತ್ತಿತ್ತು...

ಹತ್ತನೆಯದರ ಪರೀಕ್ಷೆಯ ಮೊದಲ ದಿನ. ಅವ್ವ ಕೇಳಿದಳು, ನಾನು ಗಡಿಬಿಡಿಯಲ್ಲಿ ಮುಚ್ಚಿದ ಬಾಗಿಲನ್ನಷ್ಟೇ ನೋಡಿ ಅದಾರಬೇ ಎಂದು ಹೊರಟೆ. ಗುಡ್ಡದ ನೆತ್ತಿಗೆ ಬಂದರೆ ಕಲ್ಲು ಇತ್ತು, ಎಲೆ ಇರಲಿಲ್ಲ. ಕಲ್ಲು ಎತ್ತಿ ನೋಡಿದೆ. ಸುತ್ತ ಹುಡುಕಿದೆ. ಇರಲಿಲ್ಲ.

ಷರತ್ತಿನ ಪ್ರಕಾರ ಹಿಂದಿರುಗಬೇಕು. ಹಿಂದಿರುಗಿದರೆ ಪೇಪರು ಹೋಯಿತು. ಬರುವ ವರ್ಷ ಮತ್ತೆ ಬರೆಯುವ ಮಾತು ನಮ್ಮ ಮನೆಯಲ್ಲಿರಲಿಲ್ಲ. ಆಗಲೇ ಎರಡು ಕಡೆಯವರು ನನ್ನನ್ನು ನೋಡಿ ಹೋಗಿದ್ದರು, ಪರೀಕ್ಷೆ ಮುಗಿಯಲಿ ಎಂದು ಅಪ್ಪ ಅವರನ್ನು ತಡೆದು ನಿಲ್ಲಿಸಿದ್ದ. ಕೆಳಗೆ ಬಾದಾಮಿ ಕಾಣುತ್ತಿತ್ತು, ಕೆರೆಯಲ್ಲಿ ಬಟ್ಟೆ ಒಗೆಯುವ ಸದ್ದು ಮೇಲಿನವರೆಗೆ ಬರುತ್ತಿತ್ತು. ಎಷ್ಟು ಹೊತ್ತು ನಿಂತೆನೋ. ಆಮೇಲೆ ಚೀಲದಿಂದ ಒಂದು ಒಣಗಿದ ಎಲೆ ತೆಗೆದು ಕಲ್ಲಿನಡಿ ಇಟ್ಟೆ. ಎಲೆ ಇದ್ದರೆ ಹೋಗಬಹುದು ಎಂದಿತ್ತಲ್ಲ? ಈಗ ಎಲೆ ಇತ್ತು. ಹೋದೆ.

ಸುತ್ತು ಹಾಕಲು ಹೊತ್ತಿರಲಿಲ್ಲ, ಸಂದಿಗೇ ಇಳಿದೆ. ಮೇಲೆ ನಾಲ್ಕು ಹೆಜ್ಜೇನು ಹುಟ್ಟು, ಕಪ್ಪಗೆ, ತೊಟ್ಟಿಲಿನಷ್ಟು. ‘ಜೇನಿನ ಕೆಳಗ ಮಾತಾಡಬ್ಯಾಡ, ಓಡಬ್ಯಾಡ, ನೆಂಟರ ಮನ್ಯಾಗ ನಡದಂಗ ನಡಿ’ ಎಂದು ದೊಡ್ಡವ್ವ ಹೇಳಿದ್ದಳು. ಚಪ್ಪಲಿ ಕೈಯಲ್ಲಿ ಹಿಡಿದು, ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದನ್ನೆಲ್ಲ ಮರೆತು, ನೆಂಟರ ಮನೆಯಲ್ಲಿ ನಡೆದ ಹಾಗೆ ನಡೆದೆ. ಏನೂ ಆಗಲಿಲ್ಲ. ಕೆಳಗೆ ಇಳಿದ ಮೇಲೆ ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಗಂಟೆ ಬಾರಿಸುವ ಹೊತ್ತಿಗೆ ಪರೀಕ್ಷೆಯ ಕೋಣೆಯಲ್ಲಿದ್ದೆ. ಪೆನ್ನು ಹಿಡಿದ ಮೇಲೆ ಮರೆತದ್ದೆಲ್ಲ ಒಂದೊಂದಾಗಿ ತಿರುಗಿ ಬಂತು.

ಬರೆದು ಹೊರಗೆ ಬಂದರೆ ಗೇಟಿನ ಪಕ್ಕದ ಬೇವಿನ ನೆರಳಲ್ಲಿ ದೊಡ್ಡವ್ವ ಬುಟ್ಟಿ ಇಳಿಸಿಕೊಂಡು ಕೂತಿದ್ದಳು.

“ನಸುಕಿನ್ಯಾಗ ಎಮ್ಮಿ ಈತು” ಅಂದಳು. “ಕರ ಅಡ್ಡ ಬಿದ್ದಿತ್ತು. ಮುಂದಿನ ಬಾಗಲಾ ಸೈತ ತಗೀಲಿಲ್ಲ, ಹಿತ್ತಲದಾಗ ಕೈ ಹಾಕಿ ಕೂತಾಕಿ, ಹೊತ್ತು ಹೋದದ್ದ ಗೊತ್ತಾಗಲಿಲ್ಲ. ಆಮ್ಯಾಲ ನಿನ್ನ ನೆನಪಾತು, ಎದಿ ಧಸಕ್ ಅಂತು. ಓಡಿ ಬಂದು ಗುಡ್ಡ ಹತ್ತಿ ನೋಡಿದ್ರ ಒಂದು ಒಣಾ ಎಲಿ, ತೊಟ್ಟು ಊರ ಕಡಿ. ಇದನ್ನ ಇಟ್ಟ ಹುಚ್ಚಿ ಯಾರಂತ ಆಗಿಂದಾಗ ತಿಳೀತು.”

“ಊರ ಕಡಿ ಇಟ್ಟಿದ್ನಾ?”

“ಮೂರು ವರ್ಷ ಎತ್ತಿಕೊಂಡು ಹೋಗೂದು ಕಲ್ತಿ, ಇಡೂದು ಕಲೀಲಿಲ್ಲ. ಏನ್ ಬರದಿ ಒಳಗ? ಅದನೂ ಉಲ್ಟಾ ಬರದೀಯೇನು?”

ಮುತ್ತಲ ಎಲೆಯಲ್ಲಿ ಗಡ್ಡೆ ಮೊಸರು ಹಾಕಿ ಕೈಗೆ ಕೊಟ್ಟಳು. ನಾನು ತಿನ್ನುವವರೆಗೆ ನೋಡುತ್ತ ಕೂತಿದ್ದು, ಸೆರಗಿನಿಂದ ಮೂಗು ಒರೆಸಿಕೊಂಡು, “ಇವತ್ತ ನೀ ಮುಂದ, ನಾ ಹಿಂದ ಆತು ನೋಡು” ಅಂದಳು. ಬೈಗುಳದ ದನಿಯಲ್ಲೇ ಅಂದಳು. ಆಮೇಲೆ ಎಷ್ಟೋ ಸರ್ಟಿಫಿಕೇಟುಗಳು ಕೈಗೆ ಬಂದವು, ಅವುಗಳಲ್ಲಿ ಯಾವುದರ ಮೇಲೂ ಅಷ್ಟು ದೊಡ್ಡ ಮಾತು ಇರಲಿಲ್ಲ.

ಇಬ್ಬರೂ ಕೂಡಿಯೇ ಮನೆಗೆ ಬಂದೆವು. ದೊಡ್ಡವ್ವ ತಡವಾಗಿ ಹೊರಟಿದ್ದು ಹೊಲಕ್ಕೆ ಹೋಗಿದ್ದ ಅವ್ವನಿಗೆ ಗೊತ್ತಿರಲಿಲ್ಲ. “ಎಲಿ ಇತ್ತೇನು?” ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ದೊಡ್ಡವ್ವ, “ಇತ್ತು. ನಾನ ಕಣ್ಣಾರೆ ನೋಡೇನಿ” ಅಂದಳು. ಅದು ಸುಳ್ಳೂ ಆಗಿರಲಿಲ್ಲ.

ಪಾಸಾದೆ. ಬಾಗಲಕೋಟೆಯ ಹಾಸ್ಟೆಲಿಗೆ ಸೇರಿದೆ, ಡಿಗ್ರಿ ಮುಗಿಸಿದೆ. ನಮ್ಮ ಮನೆತನದಲ್ಲಿ ಗಂಡಸರನ್ನೂ ಹಿಡಿದು ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಘಟಿಕೋತ್ಸವದ ಫೋಟೋ ತೋರಿಸಿದಾಗ ದೊಡ್ಡವ್ವ ಕರಿ ಗೌನನ್ನು ದಿಟ್ಟಿಸಿ, “ಕಂಬಳಿ ಯಾಕ ಹೊತ್ತೀ, ಮಳಿ ಹತ್ತಿತ್ತೇನು?” ಅಂದಳು. ಆಮೇಲೆ ಆ ಫೋಟೋ ನನಗೆ ವಾಪಸು ಕೊಡಲೇ ಇಲ್ಲ.

ಅವಳು ತೀರಿಕೊಂಡಾಗ ನಾನು ಹುನಗುಂದದಲ್ಲಿದ್ದೆ. ಬಸ್ಸು ಬದಲಿಸಿ, ಬದಲಿಸಿ ಊರು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಗಡಿಗೆಗಳು ಹಿತ್ತಲಲ್ಲಿ ಬೋರಲು ಬಿದ್ದಿದ್ದವು... ಈಗ ನಮ್ಮೂರಿಗೆ ಡಾಂಬರು ರಸ್ತೆಯಿದೆ, ಹುಡುಗಿಯರು ಬಸ್ಸಿನಲ್ಲಿ ಶಾಲೆಗೆ ಹೋಗುತ್ತಾರೆ. ಗುಡ್ಡದ ದಾರಿಯನ್ನು ಯಾರೂ ತುಳಿಯುವುದಿಲ್ಲ. ಅದು ಒಳ್ಳೆಯದೇ. ಆದರೂ...

ಕಾಡು ಮುಗಿದು ಸಮುದ್ರ ಕಂಡಿತು. ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದು ನಿಂತರು. ಸ್ವಲ್ಪ ಹೊತ್ತಿಗೆ ಪಿ.ಟಿ. ಸರ್ ಉಳಿದವರನ್ನು ಕರೆದುಕೊಂಡು ಬಂದರು.

“ಎಲಿ ನೋಡಿದ್ರೇನು?” ಎಂದು ಕೇಳಿದೆ.

“ಯಾ ಎಲಿರಿ?”

“ಮತ್ತ ದಾರಿ ಹೆಂಗ ಗೊತ್ತಾತು?”

“ಏನ್ ಕೇಳ್ತೀರಿ ಟೀಚರ್. ಮರಳಾಗ ಇಪ್ಪತ್ತು ಮಂದಿ ಹೆಜ್ಜಿ ಮೂಡ್ಯಾವಲ್ರಿ. ಕಣ್ಣಿಲ್ಲದವರೂ ಬರ್ತಾರ.”

ಹೌದಲ್ಲ. ಬಂಡೆಯ ನಾಡಿನವಳು ನಾನು, ಹೆಜ್ಜೆ ಮೂಡುವ ನೆಲವೂ ಇರುತ್ತದೆ ಎನ್ನುವುದು ಹೊಳೆದೇ ಇರಲಿಲ್ಲ. ದೊಡ್ಡವ್ವ ಇದ್ದಿದ್ದರೆ ವಾರಗಟ್ಟಲೆ ಇದನ್ನೇ ಆಡಿಕೊಂಡು ನಗುತ್ತಿದ್ದಳು. ಹೇಳೋಣವೆಂದರೆ ಅವಳಿಲ್ಲ.

ಅಷ್ಟರಲ್ಲಿ ಫೋನಿಗೆ ಸಿಗ್ನಲ್ ಬಂದಿತ್ತು. ಅವ್ವನ ಕರೆ. ಅವಳಿಗೀಗ ಕಿವಿ ಸ್ವಲ್ಪ ಮಂದ, ಹಾಗಾಗಿ ತಾನೇ ಜೋರಾಗಿ ಮಾತಾಡುತ್ತಾಳೆ.

“ಎಲ್ಲಿ ಅದೀಬೇ?”

“ಸಮುದ್ರದ ದಂಡಿ ಮ್ಯಾಲ. ಹುಡಿಗ್ಯಾರು ನೀರಿಗೆ ಇಳೀತೇವಿ ಅನ್ನಾಕತ್ತಾರ.”

“ಮುಂದ ಯಾರರ ಅದಾರೇನು?”

ನಾನು ಮುಂದೆ ನೋಡಿದೆ. ಬರೀ ನೀರು. ಅಂಚಿನ ಒದ್ದೆ ಮರಳು ಕನ್ನಡಿಯ ಹಾಗಿತ್ತು, ಅದರ ಮೇಲೆ ಯಾರ ಹೆಜ್ಜೆಯೂ ಇರಲಿಲ್ಲ. ಹಿಂದೆ ನಲವತ್ತು ಹುಡುಗಿಯರು ಚಪ್ಪಲಿ ಕೈಯಲ್ಲಿ ಹಿಡಿದು ಕಾಯುತ್ತಿದ್ದರು.

“ಅದಾರಬೇ” ಅಂದೆ.

“ಹಂಗಾರ ಹೋಗು” ಅಂದಳು ಅವ್ವ.